ಡೆಂಗಿ ಲೆಕ್ಕ ತಪ್ಪಾಗಿ ಅಚ್ಚಾಗಿದೆ, ಪತ್ರಿಕೆಯವರು ತಿದ್ದುತ್ತಿಲ್ಲ. ಏನು ಮಾಡಬಹುದು?

ಮೊದಲು ಲೆಕ್ಕ ಎಲ್ಲಿ ತಪ್ಪಿದೆ ನೋಡಿ. ಮಂಗಳೂರಲ್ಲಿ ಮಳೆಗಾಲ ಬಂತೆಂದರೆ ಜ್ವರದ ಸುದ್ದಿ ಇದ್ದದ್ದೇ. ಲ್ಯಾಬಿನವರು ಕಾರ್ಡ್ ಟೆಸ್ಟ್ ಮಾಡಿ ಅರ್ಧ ಗಂಟೆಯೊಳಗೆ ಪಾಸಿಟಿವ್ ಅನ್ನುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಅದು ಬರೀ ಸಂಭಾವ್ಯ (ಡೆಂಗಿ ಇರಬಹುದು ಅಷ್ಟೇ). ಎಲಿಸಾದಂಥ (ಲ್ಯಾಬಲ್ಲಿ ಮಾಡುವ, ಹೆಚ್ಚು ನಂಬಬಹುದಾದ ರಕ್ತಪರೀಕ್ಷೆ) ಪರೀಕ್ಷೆಯಲ್ಲೂ ಬಂದರೆ ಮಾತ್ರ ದೃಢ. ಎರಡನ್ನೂ ಕೂಡಿಸಿ ಹೆಡ್‌ಲೈನ್ ಮಾಡಿದರೆ ಸಂಖ್ಯೆ ಜಾಸ್ತಿ ಆಗದೆ ಇರುತ್ತದಾ? (ಸರ್ಕಾರದ್ದೇ ಪೂರ್ತಿ ಸರಿ ಅಂತಲ್ಲ, ಎಲಿಸಾವರೆಗೆ ಹೋಗದ ಜ್ವರವೂ ಇರುತ್ತದಲ್ವಾ.)

ಸುಮ್ನೆ ಫೋನಲ್ಲಿ ಜಗಳ ಬೇಡ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಅಂಕಿ ಲಗತ್ತಿಸಿ ಸಂಪಾದಕರಿಗೆ ಪತ್ರ ಬರೆಯಿರಿ, ನಕಲು ಇಟ್ಟುಕೊಳ್ಳಿ. ಆಗಲೂ ತಿದ್ದದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಿ. ದಿನಪತ್ರಿಕೆಯಾದರೆ ಸುದ್ದಿ ಬಂದ 2 ತಿಂಗಳೊಳಗೆ. ಮಂಡಳಿ ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಇಲ್ಲ. ಟಿವಿ ಚಾನೆಲ್‌ಗಳು ಅದರ ವ್ಯಾಪ್ತಿಗೇ ಬರುವುದಿಲ್ಲ.