ಪಂಚ್ ಎಲ್ಲಿ ಬೀಳಬೇಕು, ಚೆಕ್ ಯಾವಾಗ ಬರಬೇಕು

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲದ ವಿಷಯ: ನಾಟಕ, ಟೀವಿ, ಸಿನಿಮಾಗಳಿಗೆ ಹಾಸ್ಯ ಬರೆಯುವ ಕಸುಬು. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ನನ್ನ ಜೋಕುಗಳನ್ನು ಓದಿದವರು ನಗುತ್ತಾರೆ. ಅದನ್ನೇ ಗಣೇಶೋತ್ಸವದಲ್ಲಿ ಸ್ಕಿಟ್ ಮಾಡಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಮಾದರಿಗೆ ಒಂದು: "ಒಬ್ಬ ಬ್ಯಾಂಕಿಗೆ ಹೋಗಿ ಸಾಲ ಕೇಳಿದ. ಮ್ಯಾನೇಜರು ಶ್ಯೂರಿಟಿ ಯಾರು ಹಾಕ್ತಾರೆ ಅಂದರು. ಅವನು, ನಮ್ಮ ಮಾವ ಹಾಕ್ತಾರೆ, ಯಾಕಂದ್ರೆ ಅವರ ಹತ್ರ ಆಗಲೇ ಸಾಲ ಮಾಡಿದೀನಿ, ಅದನ್ನು ತೀರಿಸೋಕೇ ಈ ಸಾಲ ಕೇಳ್ತಿರೋದು ಅಂತ ಹೇಳಿದ." ಎಲ್ಲಿ ಕೆಟ್ಟಿದೆ? (ತಿಪಟೂರಿನಿಂದ)

ಉತ್ತರ: ಸರಕು ಚೆನ್ನಾಗಿದೆ, ಜೋಡಿಸಿದ ಕ್ರಮ ಕೆಟ್ಟಿದೆ. ಸಾಲ ಕೊಟ್ಟವನೇ ಜಾಮೀನಿಗೂ ನಿಲ್ಲುತ್ತಾನೆ ಅನ್ನುವುದರಲ್ಲಿ ನಗು ಇದೆ. ನೀವು "ಮಾವ" ಎಂದು ಮೊದಲೇ ಹೇಳಿಬಿಟ್ಟಿರಿ, ಆಮೇಲಿನದೆಲ್ಲ ವಿವರಣೆ. ಓದುವಾಗ ಕಣ್ಣು ಹಿಂದಿನ ಸಾಲಿಗೆ ಹೋಗಿ ಎರಡನ್ನೂ ಸೇರಿಸಿಕೊಳ್ಳುತ್ತದೆ. ಕಿವಿಗೆ ಆ ಸವಲತ್ತಿಲ್ಲ. ಸಾಲದ್ದಕ್ಕೆ ಕೊನೆಯಲ್ಲಿ "ಅಂತ ಹೇಳಿದ" ಎಂಬ ಬಾಲ. ನಗು ಹುಟ್ಟುವ ಹೊತ್ತಿಗೆ ನಟ ಇನ್ನೂ ಮಾತಾಡುತ್ತಿರುತ್ತಾನೆ, ಸಭೆ ಸುಮ್ಮನಾಗುತ್ತದೆ.

ವೇದಿಕೆಗೆ ಹೀಗೆ ಬರೆಯಿರಿ:

ಮ್ಯಾನೇಜರ್: ಸಾಲ ಯಾಕ್ರೀ?
ಗಿರಾಕಿ: ಮಾವನ ಸಾಲ ತೀರಿಸ್ಬೇಕು ಸಾರ್.
ಮ್ಯಾನೇಜರ್: ಶ್ಯೂರಿಟಿ ಯಾರು?
ಗಿರಾಕಿ: ಮಾವ.

ಒಂಬತ್ತು ಪದ. ಜನಕ್ಕೆ ಬೇಕಾದ ಮಾಹಿತಿ ಎರಡನೇ ಸಾಲಿನಲ್ಲೇ ಸಿಕ್ಕಿದೆ, ಅದೇ ಮುಂದಿನ ನಗುವಿಗೆ ಅಡಿಪಾಯ ಎಂದು ಮಾತ್ರ ಅವರಿಗೆ ಗೊತ್ತಿಲ್ಲ. "ಸಾರ್" ಎಲ್ಲಿದೆ ನೋಡಿ. ಅದು ಎರಡನೇ ಸಾಲಿನಲ್ಲಿ ಬಂದಿರುವುದರಿಂದ ನಾಲ್ಕನೆಯದಕ್ಕೆ ಬೇಕಿಲ್ಲ. "ಮಾವ ಸಾರ್" ಅಂದರೆ ಪಂಚ್ ಮೇಲೆ, ಅಂದರೆ ನಗು ಹುಟ್ಟಿಸುವ ಕೊನೆಯ ಮಾತಿನ ಮೇಲೆ, ಚಾಪೆ ಎಳೆದ ಹಾಗೆ. ನಟರು ಅಭ್ಯಾಸಬಲದಿಂದ ಅದನ್ನು ಸೇರಿಸುತ್ತಾರೆ, ರಿಹರ್ಸಲ್‌ನಲ್ಲೇ ತಡೆಯಿರಿ.

ನಗು ಬಿತ್ತು ಅಂದುಕೊಳ್ಳಿ. ಅಲ್ಲಿಗೇ ಬಿಡಬೇಡಿ, ಅದರ ಬೆನ್ನಿಗೇ ಇನ್ನೊಂದಿದೆ:

ಮ್ಯಾನೇಜರ್: ಅವರು ಒಪ್ತಾರೇನ್ರೀ?
ಗಿರಾಕಿ: ಪೆನ್ನು ಹಿಡ್ಕೊಂಡು ಹೊರಗೇ ನಿಂತಿದಾರೆ.

"ಅವರು ಒಪ್ತಾರೇನ್ರೀ" ಎಂಬ ಸಾಲಿನಲ್ಲಿ ಹೊಸ ಸಂಗತಿ ಏನೂ ಇಲ್ಲ, ಬೇಕೆಂದೇ ಹಾಗೆ ಬರೆದದ್ದು. ದೊಡ್ಡ ನಗುವಿನ ಹಿಂದೆಯೇ ಬರುವ ಸಾಲು ಗದ್ದಲದಲ್ಲಿ ಅರ್ಧ ಮುಳುಗುತ್ತದೆ. ಅಲ್ಲಿ ಮುಖ್ಯ ವಿಷಯ ಇಟ್ಟರೆ ಹಿಂದೆ ಕೂತವರಿಗೆ ಮುಂದಿನ ಕಥೆಯೇ ಗೊತ್ತಾಗುವುದಿಲ್ಲ. ನಗು ಏರಿ, ಅರ್ಧ ಇಳಿಯುವಾಗ ಮ್ಯಾನೇಜರ್ ಬಾಯಿ ತೆರೆಯಬೇಕು. ಪೂರ್ತಿ ಇಳಿಯಲು ಬಿಟ್ಟರೆ ಮತ್ತೆ ಸೊನ್ನೆಯಿಂದ ಎಬ್ಬಿಸಬೇಕಾಗುತ್ತದೆ. ಪೆಂಡಾಲು ಬಯಲಿನಲ್ಲಿದ್ದರೆ ಮೈಕಿನ ಪ್ರತಿಧ್ವನಿಗೂ ಜಾಗ ಬಿಡಿ. ಒಳಾಂಗಣದ ವೇಗದಲ್ಲಿ ಹೇಳಿದ ಪಂಚ್ ಬಯಲಿನಲ್ಲಿ ಹಿಂದಿನ ಮಾತಿನ ಜೊತೆ ಕಲಸಿಹೋಗುತ್ತದೆ.

ಪ್ರಶ್ನೆ: ಟೀವಿಯ ಕಾಮಿಡಿ ಕಾರ್ಯಕ್ರಮಕ್ಕೆ ಬರೆಯುವ ಕೆಲಸ ಹೇಗೆ ನಡೆಯುತ್ತದೆ? ಅರ್ಧ ಗಂಟೆಗೆ ಎಷ್ಟು ಪುಟ ಬೇಕು? (ಮೈಸೂರಿನಿಂದ)

ಉತ್ತರ: ಅರ್ಧ ಗಂಟೆ ಎಂದರೆ ಅರ್ಧ ಗಂಟೆ ಅಲ್ಲ. ಒಂದು ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಮತ್ತು ಚಾನೆಲ್‌ನ ಸ್ವಂತ ಪ್ರಚಾರಕ್ಕೆ ನಿಯಮವೇ ಅವಕಾಶ ಕೊಟ್ಟಿದೆ. ಹಾಗಾಗಿ ಅರ್ಧ ಗಂಟೆಯ ಸ್ಲಾಟ್‌ನಲ್ಲಿ ನಿಮಗೆ ಸಿಗುವುದು ಟೈಟಲ್ ಸೇರಿ ಸುಮಾರು 22ರಿಂದ 24 ನಿಮಿಷ. ಪುಟಕ್ಕೆ ಒಂದು ನಿಮಿಷ ಎಂಬುದು ಒರಟು ಲೆಕ್ಕ. ಬರೀ ಮಾತಿನ ಸೀನ್ ಬೇಗ ಓಡುತ್ತದೆ, ಬಿದ್ದು ಏಳುವ ಸೀನ್ ಅರ್ಧ ಪುಟಕ್ಕೇ ಎರಡು ನಿಮಿಷ ತಿನ್ನುತ್ತದೆ. ಗಡಿಯಾರ ಇಟ್ಟುಕೊಂಡು ಜೋರಾಗಿ ಓದುವುದೊಂದೇ ನಂಬುವಂಥ ದಾರಿ.

ಕ್ರಮ ಹೀಗೆ: ಮೊದಲು ಒನ್ ಲೈನ್ (ಕಥೆಯ ಚುಟುಕು ಸಾರ), ಅದು ಒಪ್ಪಿಗೆಯಾದ ಮೇಲೆ ಸೀನ್ ಆರ್ಡರ್ (ದೃಶ್ಯಗಳ ಕ್ರಮ), ಆಮೇಲೆ ಡೈಲಾಗ್, ಆಮೇಲೆ ಕಲಾವಿದರ ಮುಂದೆ ರೀಡಿಂಗ್. ಹೊಸಬರು ಒನ್ ಲೈನ್ ದಾಟಿ ನೇರ ಡೈಲಾಗಿಗೆ ಇಳಿಯುತ್ತಾರೆ. ಮೊದಲ ಮೂರು ಪುಟ ಭರ್ಜರಿ, ಆಮೇಲೆ ಪಾತ್ರಗಳಿಗೆ ಮಾಡಲು ಕೆಲಸವಿಲ್ಲ, ಕೊನೆಗೆ ಎಲ್ಲರೂ ಸೇರಿ ಒಂದು ಹಾಡಿಗೆ ಕುಣಿದು ಮುಗಿಸುವುದು! ಕೊನೆಯ ಎರಡು ಸಾಲು ಸಿಗುವವರೆಗೆ ಮೊದಲ ಸಾಲು ಬರೆಯಬೇಡಿ.

ಖರ್ಚಿನ ಕಡೆಯೂ ಕಣ್ಣಿರಲಿ. ಎಂಟು ನಿಮಿಷದ ಸ್ಕಿಟ್‌ಗೆ ಒಂದು ಸೆಟ್, ನಾಲ್ಕು ಜನ ಸಾಕು. "ಅಷ್ಟರಲ್ಲಿ ಒಂದು ಎಮ್ಮೆ ಬರುತ್ತದೆ" ಎಂದು ಬರೆದರೆ ಬರೆದವರಿಗೇನೂ ಕಷ್ಟವಿಲ್ಲ. ಕಷ್ಟ ಪ್ರೊಡಕ್ಷನ್ ಮ್ಯಾನೇಜರಿಗೆ. ಅವರು ಎಮ್ಮೆಯನ್ನಷ್ಟೇ ತೆಗೆಯುತ್ತಾರೆ, ಎಮ್ಮೆಗೆ ಕಟ್ಟಿದ್ದ ಐದು ಡೈಲಾಗು ಅನಾಥವಾಗಿ ಉಳಿಯುತ್ತವೆ.

ಪ್ರಶ್ನೆ: ಉತ್ತರ ಕರ್ನಾಟಕದ ಭಾಷೆ ಹಾಕಿದರೆ ಬೆಂಗಳೂರಿನವರು ನಗುತ್ತಾರೆ ಅಂತ ಎಲ್ಲ ಪಾತ್ರಕ್ಕೂ ಅದನ್ನೇ ಹಾಕಿ ಅನ್ನುತ್ತಾರೆ. ಸರಿಯೇನ್ರಿ? (ಹುಬ್ಬಳ್ಳಿಯಿಂದ)

ಉತ್ತರ: ಸರಿಯಲ್ರಿ. ಆಡುಮಾತು ಪಾತ್ರಕ್ಕೆ ಮೈ ಕೊಡುತ್ತದೆ, ಜೋಕಿನ ಬದಲಿಗೆ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ: ಅದೇ ಸಾಲನ್ನು ಮಂಡ್ಯದ ಕನ್ನಡಕ್ಕೆ ತಿರುಗಿಸಿ, ಆಗಲೂ ನಗು ಬಂದರೆ ಜೋಕು ಇದೆ. ಬರದಿದ್ದರೆ ಜನ ನಗುತ್ತಿದ್ದದ್ದು ನಿಮ್ಮ ಊರಿನ ಮೇಲೆ. ಇನ್ನೊಂದು ಮಾತು: ಧಾರವಾಡದಲ್ಲೇ "ಮಾಡ್ಲಿಕ್ಕತ್ತೀನಿ" ಅನ್ನುವವರು ಬೇರೆ, "ಮಾಡಾಕತ್ತೀನಿ" ಅನ್ನುವವರು ಬೇರೆ. ಒಂದೇ ಪಾತ್ರದ ಬಾಯಲ್ಲಿ ಎರಡನ್ನೂ ತುರುಕಿದರೆ ಅಲ್ಲಿಯವರು ತಕ್ಷಣ ಚಾನೆಲ್ ಬದಲಾಯಿಸುತ್ತಾರೆ. ಕಲಾವಿದರು ಆ ಸೀಮೆಯವರೇ ಆಗಿದ್ದರೆ ಸಾದಾ ಕನ್ನಡದಲ್ಲಿ ಬರೆದು ಅವರ ಬಾಯಿಗೇ ಬಿಡಿ.

ಪ್ರಶ್ನೆ: ಬರೆದದ್ದಕ್ಕೆ ದುಡ್ಡು ಕೇಳುವುದು ಹೇಗೆ? "ಟೆಲಿಕಾಸ್ಟ್ ಆದ ಮೇಲೆ ಕೊಡ್ತೀವಿ" ಅನ್ನುತ್ತಾರೆ. (ದಾವಣಗೆರೆ, ಶಿವಮೊಗ್ಗದಿಂದ)

ಉತ್ತರ: ಆ ಒಂದು ವಾಕ್ಯಕ್ಕೆ ಒಪ್ಪಬೇಡಿ. ಟೆಲಿಕಾಸ್ಟ್ ನಿಮ್ಮ ಕೈಯಲ್ಲಿಲ್ಲ. ಕ್ರಿಕೆಟ್ ಬಂದರೆ ಮುಂದೆ ಹೋಗುತ್ತದೆ, ರೇಟಿಂಗ್ ಬಿದ್ದರೆ ಕಾರ್ಯಕ್ರಮವೇ ನಿಲ್ಲುತ್ತದೆ. "ಸ್ಕ್ರಿಪ್ಟ್ ಒಪ್ಪಿಸಿದ ದಿನದಿಂದ ಇಷ್ಟು ದಿನದಲ್ಲಿ" ಎಂದು ಬರೆಸಿ. ಸಿನಿಮಾ ಆದರೆ ಮೂರು ಕಂತು ಕೇಳಿ: ಒಪ್ಪಂದಕ್ಕೆ ಸಹಿ ಹಾಕಿದಾಗ, ಮೊದಲ ಪ್ರತಿ ಕೊಟ್ಟಾಗ, ಕೊನೆಯ ಪ್ರತಿ ಕೊಟ್ಟಾಗ. ಬಿಡುಗಡೆಗೆ ಗಂಟುಹಾಕಿದ ಕಂತು ಬರದಿರುವ ಕಂತು ಎಂದೇ ತಿಳಿಯಿರಿ.

ಎಷ್ಟು ಸಲ ತಿದ್ದಿಕೊಡಬೇಕು ಎಂಬುದನ್ನೂ ಬರೆಸಿ. ಎರಡು ಸಲ ಎಂದಿಟ್ಟು, ಮೂರನೆಯದಕ್ಕೆ ಬೇರೆ ಹಣ ಎಂದರೆ ಸಾಕು. ಸಂಖ್ಯೆ ಇಲ್ಲದಿದ್ದರೆ ಸೆಟ್‌ನಿಂದ ರಾತ್ರಿ ಹನ್ನೊಂದಕ್ಕೆ ಬರುವ ಪ್ರತಿ ಫೋನೂ "ಸಣ್ಣ ಚೇಂಜ್" ಆಗಿಬಿಡುತ್ತದೆ. ಟೈಟಲ್ ಕಾರ್ಡಿನಲ್ಲಿ ಹೆಸರು "ಸಂಭಾಷಣೆ" ಎಂದೋ "ಹೆಚ್ಚುವರಿ ಸಂಭಾಷಣೆ" ಎಂದೋ, ಒಂಟಿಯಾಗಿಯೋ ಜಂಟಿಯಾಗಿಯೋ, ಅದೂ ಕಾಗದದಲ್ಲಿರಲಿ. ಬಾಯಿಮಾತಿನ ಒಪ್ಪಂದವಾಗಿದ್ದರೆ ಮನೆಗೆ ಬಂದು "ಇವತ್ತು ಮಾತಾಡಿದ ಪ್ರಕಾರ" ಎಂದು ಒಂದು ಇಮೇಲ್ ಕಳಿಸಿ.

ಒಂದು ಕಂಪನಿಯಿಂದ ಬರುವ ಸಂಭಾವನೆ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ನೋಡಿಕೊಳ್ಳಿ, ಹಿಡಿದು ಕಟ್ಟದೆ ಇರುವವರೂ ಉಂಟು. ಕಥೆ, ಚಿತ್ರಕಥೆ, ಸಂಭಾಷಣೆ ಬರೆಯುವವರು ಆದಾಯ ತೆರಿಗೆಯಲ್ಲಿ ಸಿನಿಮಾ ಕಲಾವಿದರ ಪಟ್ಟಿಗೇ ಸೇರುತ್ತಾರೆ. ಹಾಗಾಗಿ ವರ್ಷದ ಸಂಭಾವನೆ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ತೋರಿಸುವ ಅಂದಾಜು ಪದ್ಧತಿ ಆರಿಸಿಕೊಳ್ಳಬಹುದು. ಖರ್ಚಿನ ಚೀಟಿಗಳನ್ನು ಕೂಡಿಡುವ ತಾಪತ್ರಯ ತಪ್ಪುತ್ತದೆ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗಳಿಗೆ 20 ಲಕ್ಷ.

ಪ್ರಶ್ನೆ: ನಾನು ಹೇಳಿದ ಜೋಕು ಒಂದು ಸಿನಿಮಾದಲ್ಲಿ ಬಂದಿದೆ. ಕೇಸು ಹಾಕಬಹುದೇ? (ಬೆಂಗಳೂರಿನಿಂದ)

ಉತ್ತರ: ಒಂದು ಜೋಕಿಗೆ ಕಷ್ಟ. ಕಾನೂನು ಕಾಯುವುದು ಬರೆದ ರೂಪವನ್ನು, ಹೊಳೆದ ಉಪಾಯವನ್ನಲ್ಲ. ಪಾತ್ರ, ಸನ್ನಿವೇಶ, ಸಂಭಾಷಣೆಯ ಸರಣಿಯೇ ಎತ್ತಿಕೊಂಡಿದ್ದರೆ ಮಾತು ಬೇರೆ. ಬರೆದ ಕ್ಷಣಕ್ಕೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಕೋರ್ಟಿನಲ್ಲಿ ಪುರಾವೆಗೆ ಅನುಕೂಲ. ಕಾಪಿರೈಟ್ ಕಚೇರಿಗೆ ಆನ್‌ಲೈನ್ ಅರ್ಜಿ, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿಗೆ ಡೈರಿ ನಂಬರ್ (ಕ್ರಮಸಂಖ್ಯೆ) ಸಿಕ್ಕ ಮೇಲೆ ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾದರೆ ಅಲ್ಲೂ ಸ್ಕ್ರಿಪ್ಟ್ ನೋಂದಾಯಿಸಬಹುದು. ತಮಗೆ ತಾವೇ ರಿಜಿಸ್ಟರ್ ಪೋಸ್ಟ್ ಕಳಿಸಿಕೊಂಡು ಬೀರುವಿನಲ್ಲಿಡುವ ಹಳೇ ಉಪಾಯಕ್ಕೆ ಬಲ ಕಡಿಮೆ.

ಹಕ್ಕು ಬರೆದುಕೊಡುವಾಗ ಇದು ಗೊತ್ತಿರಲಿ: ಪತ್ರದಲ್ಲಿ ಅವಧಿ ಹೇಳದಿದ್ದರೆ ಕಾನೂನು 5 ವರ್ಷ ಎಂದೇ ಹಿಡಿಯುತ್ತದೆ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಅದಕ್ಕೇ ನಿರ್ಮಾಪಕರ ಕರಡಿನಲ್ಲಿ "ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂಬ ಮಾತು ಇದ್ದೇ ಇರುತ್ತದೆ. ಕಾಪಿರೈಟ್ ಕಾಯಿದೆಯ 2012ರ ತಿದ್ದುಪಡಿಯ ನಂತರ, ಥಿಯೇಟರ್ ಪ್ರದರ್ಶನ ಬಿಟ್ಟು ಬೇರೆ ಬಳಕೆಯ ರಾಯಲ್ಟಿಯ ಪಾಲನ್ನು ಬರಹಗಾರರಿಂದ ಬರೆಸಿಕೊಳ್ಳುವಂತಿಲ್ಲ. ವಾರಸುದಾರರಿಗೆ ಅಥವಾ ಬರಹಗಾರರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ತಿಂಗಳ ಸಂಬಳಕ್ಕೆ ಸೇರಿ ಬರೆದದ್ದರ ಹಕ್ಕು ಮಾತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದು.

ಪ್ರಶ್ನೆ: ಇದನ್ನೇ ನಂಬಿ ಕೆಲಸ ಬಿಡಬಹುದೇ? ಹಿಂದಿನವರು ಹೇಗೆ ಬದುಕಿದರು? (ಉಡುಪಿಯಿಂದ)

ಉತ್ತರ: ಹಿಂದಿನವರಲ್ಲಿ ಬಹಳ ಜನಕ್ಕೆ ಬೇರೆ ಕಸುಬು ಇತ್ತು. ಕೈಲಾಸಂ ಲಂಡನ್‌ನಲ್ಲಿ ಭೂವಿಜ್ಞಾನ ಓದಿ ಬಂದವರು, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದು ಬಿಟ್ಟವರು. ಬೀಚಿ ಪೊಲೀಸ್ ಇಲಾಖೆಯಲ್ಲಿದ್ದರು. ನಾ. ಕಸ್ತೂರಿ ಮೇಷ್ಟರು. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಶುರುಮಾಡಿ 25 ವರ್ಷ ನಡೆಸಿದ ರಾಶಿ ವೃತ್ತಿಯಿಂದ ಡಾಕ್ಟರು. ನೆರೆಯ ತಮಿಳಿನಲ್ಲಿ ಕ್ರೇಜಿ ಮೋಹನ್ ಮೆಕ್ಯಾನಿಕಲ್ ಎಂಜಿನಿಯರು. ಪೂರ್ತಿ ನಗೆಯನ್ನೇ ನಂಬಿದ ಮಾಸ್ಟರ್ ಹಿರಣ್ಣಯ್ಯನವರಿಗೆ ಸ್ವಂತ ನಾಟಕ ಕಂಪನಿ ಇತ್ತು. ಬರೆಯುವವರೂ ಅವರೇ, ಆಡುವವರೂ ಅವರೇ, ಟಿಕೆಟ್ಟಿನ ದುಡ್ಡು ಎಣಿಸುವುದೂ ಅವರ ಕಂಪನಿಯೇ. ಬರೀ ಬರೆಯುವವರ ಸ್ಥಿತಿ ಹಾಗಲ್ಲ. ಒಂದು ವರ್ಷದ ಮನೆಖರ್ಚು ಕೈಯಲ್ಲಿಟ್ಟುಕೊಂಡು, ಎರಡು ಕಡೆಯಿಂದಾದರೂ ನಿಯಮಿತ ಕೆಲಸ ಬರುತ್ತಿದ್ದರೆ ಮಾತ್ರ ಬಿಡಿ. ಒಂದೇ ಶೋ ನಂಬಿ ಬಿಡಬೇಡಿ.

ಪ್ರಶ್ನೆ: ಜಾತಿ, ಮೈಬಣ್ಣ, ಗಂಡಸರ ಹೆಣ್ಣುವೇಷ ಇಲ್ಲದೆ ಈಗ ನಗಿಸುವುದು ಹೇಗೆ? (ಕಲಬುರಗಿಯಿಂದ)

ಉತ್ತರ: ಆಗಲೂ ಅದು ಸೋಮಾರಿಗಳ ದಾರಿಯೇ. ಈಗ ಅಪಾಯವೂ ಇದೆ: ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವ ಅಪರಾಧದ ಹಳೆಯ 295ಎ ಕಲಮು ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಆಗಿ ಕೂತಿದೆ, ಜಾತಿ ನಿಂದನೆಗೆ ಪ್ರತ್ಯೇಕ ಕಾಯಿದೆಯೇ ಇದೆ. ನಗು ಪಾತ್ರದ ಆಸೆಯಿಂದ ಹುಟ್ಟಲಿ. ಮೇಲಿನ ಬ್ಯಾಂಕ್ ಗಿರಾಕಿಯ ಜಾತಿ ಯಾವುದೆಂದು ಯಾರಿಗಾದರೂ ಬೇಕಾಯಿತೇ?

ಪ್ರಶ್ನೆ: ಸೆಟ್ಟಿನಲ್ಲಿ ಕಲಾವಿದರು ಡೈಲಾಗನ್ನೇ ಬದಲಾಯಿಸಿಬಿಡುತ್ತಾರೆ. ತಡೆಯುವುದು ಹೇಗೆ? (ತುಮಕೂರಿನಿಂದ)

ಉತ್ತರ: ಪೂರ್ತಿ ತಡೆಯಲಾಗದು, ತಡೆಯಲೂ ಬಾರದು. ಒಳ್ಳೆಯ ನಟರು ಸೇರಿಸುವ ಮಾತು ಎಷ್ಟೋ ಸಲ ನಮ್ಮದಕ್ಕಿಂತ ಚೆನ್ನಾಗಿರುತ್ತದೆ. ತೊಂದರೆ ಆಗುವುದು ಮುಂದಿನ ನಗುವಿಗೆ ಅಡಿಪಾಯವಾದ ಸಾಲು ಹಾರಿಹೋದಾಗ. "ಮಾವನ ಸಾಲ" ಅನ್ನುವ ಬದಲು "ಕೈಸಾಲ" ಅಂದುಬಿಟ್ಟರೆ ಪಂಚ್ ಸತ್ತಂತೆ. ಪುಟಕ್ಕೆ ಎರಡೋ ಮೂರೋ ಅಂಥ ಸಾಲಿಗೆ ಮಾತ್ರ ಅಡಿಗೆರೆ ಎಳೆದು, "ಇದು ಹೀಗೇ ಬೇಕು, ಉಳಿದದ್ದು ನಿಮ್ಮಿಷ್ಟ" ಎಂದು ರೀಡಿಂಗ್‌ನಲ್ಲೇ ಹೇಳಿ. ಎಲ್ಲ ಸಾಲಿಗೂ ಗೆರೆ ಎಳೆದರೆ ಯಾವುದನ್ನೂ ಯಾರೂ ಲೆಕ್ಕಕ್ಕಿಡುವುದಿಲ್ಲ. ಒಂದು ಪ್ರತಿಯನ್ನು ಅಸಿಸ್ಟೆಂಟ್ ಡೈರೆಕ್ಟರ್ ಕೈಗೂ ಕೊಟ್ಟಿರಿ, ಶಾಟ್ ನಡೆಯುವಾಗ ಗೆರೆಯ ಸಾಲು ತಪ್ಪಿದರೆ ಇನ್ನೊಂದು ಟೇಕ್ ಕೇಳುವುದು ಅವರೇ.