ಮ್ಯಾಕ್‌ನಲ್ಲಿ ಪೇಜ್‌ಮೇಕರ್ ಓಡುತ್ತಾ?

ಪ್ರಶ್ನೆ: ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷ ಡಿಟಿಪಿ ಅಂಗಡಿ ನಡೆಸಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ ಎಲ್ಲ ಪುಟವಿನ್ಯಾಸದ ಪೇಜ್‌ಮೇಕರ್ 7ರಲ್ಲಿ, ಹಳೆಯ 'ನುಡಿ' ಕನ್ನಡ ಫಾಂಟಿನಲ್ಲಿವೆ. ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿದೆ. ಮಗಳು ತನ್ನ ಎಂ1 ಮ್ಯಾಕ್‌ಬುಕ್ ಏರ್ ಕೊಟ್ಟಿದ್ದಾಳೆ. ವಿಂಡೋಸ್ ಹಾಕದೆ ಅದರಲ್ಲಿ ಈ ಫೈಲುಗಳನ್ನು ತೆಗೆಯಬಹುದಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಪ್ರಯತ್ನಿಸಬಹುದು. 'ವೈನ್' ಎಂಬ ತಂತ್ರಾಂಶ ಇರುವುದೇ ಇಂಥ ಕೆಲಸಕ್ಕೆ. 1993ರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗೆಂದು ಶುರುವಾಯಿತು. ಪೇಜ್‌ಮೇಕರ್ 'ಒಂದು ಕಿಟಕಿ ತೆರೆ, ಈ ಫೈಲ್ ಓದು' ಎಂದು ವಿಂಡೋಸನ್ನು ಕೇಳುತ್ತದೆ. ವೈನ್ ನಡುವೆ ನಿಂತು ಆ ಕೆಲಸವನ್ನು ಮ್ಯಾಕ್‌ನಿಂದಲೇ ಮಾಡಿಸುತ್ತದೆ. ಕೇಳಿದ್ದು ಯಾರನ್ನು, ಮಾಡಿಕೊಟ್ಟದ್ದು ಯಾರು ಎಂಬುದು ಪೇಜ್‌ಮೇಕರಿಗೆ ಗೊತ್ತೇ ಆಗುವುದಿಲ್ಲ.

ತೊಡಕು ಬೇರೆ ಕಡೆ ಇದೆ. ಪೇಜ್‌ಮೇಕರ್ ಹಳೆಯ ಮಾದರಿಯ, ಅಂದರೆ 32 ಬಿಟ್ ತಂತ್ರಾಂಶ. 2019ರ 'ಕ್ಯಾಟಲಿನಾ' ಆವೃತ್ತಿಯಿಂದ ಮ್ಯಾಕ್ 32 ಬಿಟ್ ತಂತ್ರಾಂಶಗಳನ್ನು ಓಡಿಸುವುದನ್ನೇ ನಿಲ್ಲಿಸಿತು. ಕೋಡ್‌ವೀವರ್ಸ್ ಎಂಬ ಕಂಪನಿಯವರು ಇದಕ್ಕೊಂದು ಉಪಾಯ ಹುಡುಕಿ, ವೈನ್ ಆಧಾರಿತ 'ಕ್ರಾಸ್‌ಓವರ್'ನಲ್ಲಿ ಕೊಟ್ಟಿದ್ದಾರೆ. ದುಡ್ಡು ಕೊಡಬೇಕು, ಆದರೆ 14 ದಿನ ಪುಕ್ಕಟೆ ನೋಡಬಹುದು. ಆ ಹದಿನಾಲ್ಕು ದಿನವೇ ನಿಮ್ಮ ಪರೀಕ್ಷೆ. ಸುಮ್ನೆ ಮೊದಲೇ ದುಡ್ಡು ಕಟ್ಟಬೇಡಿ.

ಕ್ರಾಸ್‌ಓವರ್‌ನಲ್ಲಿ 'ಬಾಟಲ್' ಅಂತ ಒಂದನ್ನು ಮಾಡಿಕೊಳ್ಳಬೇಕು. ಅದರೊಳಗೆ ಪುಟ್ಟ ಸಿ ಡ್ರೈವ್ ಇರುತ್ತದೆ. ಪೇಜ್‌ಮೇಕರನ್ನು ಅಲ್ಲೇ ಇನ್‌ಸ್ಟಾಲ್ ಮಾಡಿ. ನಿಮ್ಮ ಮ್ಯಾಕ್‌ಬುಕ್‌ಗೆ ಸಿಡಿ ಹಾಕುವ ಜಾಗವಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಸಿಡಿ ಡ್ರೈವ್ ಒಂದನ್ನು ಯಾರಿಂದಾದರೂ ಎರವಲು ತನ್ನಿ. ಆಮೇಲೆ ನುಡಿ ಫಾಂಟುಗಳನ್ನು ಆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ 'ಫಾಂಟ್ಸ್'ಗೆ ಹಾಕಿ. ಇದನ್ನು ಮರೆತರೆ 'ಕನ್ನಡ' ಎಂಬ ಪದವೇ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ನಡುವೆ ಬ್ರಿಟಿಷರ ಪೌಂಡ್ ಗುರುತು ಅಂತ ಕಾಣುತ್ತದೆ. ಡಿಟಿಪಿಯವರಿಗೆ ಈ ದೃಶ್ಯ ಹೊಸದಲ್ಲ ಬಿಡಿ.

ನುಡಿಯ ಕೀಲಿಮಣೆ ತಂತ್ರಾಂಶವನ್ನು ಮಾತ್ರ ನೆಚ್ಚಬೇಡಿ. ವೈನ್ ಒಳಗೆ ಅದು ಓಡಿದರೂ ಮ್ಯಾಕ್‌ನ ಬೇರೆ ತಂತ್ರಾಂಶಗಳಲ್ಲಿ ಟೈಪಾಗುವುದಿಲ್ಲ. ಹೊಸದಾಗಿ ಬರೆಯಲು ಮ್ಯಾಕ್‌ನಲ್ಲೇ ಯುನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಕನ್ನಡ ಕೀಲಿಮಣೆ ಇದೆಯಲ್ಲ. ಹಾಗೆಯೇ, ಯಂತ್ರದ ಹಿಂದೆ 'ಲಾಕ್' ಎಂಬ ಪುಟ್ಟ ಸಾಧನ ಸಿಕ್ಕಿಸಿ ಓಡಿಸುತ್ತಿದ್ದ ಹಳೆಯ ಕನ್ನಡ ತಂತ್ರಾಂಶ ಏನಾದರೂ ನಿಮ್ಮಲ್ಲಿದ್ದರೆ ಅದರ ಆಸೆ ಬಿಡಿ.

ಈ ಕೆಲಸವನ್ನು ಜಾಸ್ತಿ ಮುಂದೂಡಬೇಡಿ. ಎಂ1 ಆಪಲ್‌ನದೇ ಚಿಪ್, ಪೇಜ್‌ಮೇಕರ್ ಇಂಟೆಲ್ ಚಿಪ್‌ಗೆಂದು ಬರೆದದ್ದು. ಎಂ1ನಲ್ಲಿ ಅಂಥ ತಂತ್ರಾಂಶಗಳನ್ನು ಓಡಿಸುವುದು ಆಪಲ್‌ನ 'ರೊಸೆಟಾ 2'. ಅದರ ಪೂರ್ಣ ಬೆಂಬಲ ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಎಂದು ಆಪಲ್ 2025ರಲ್ಲೇ ಹೇಳಿದೆ. ಹಾಗಾಗಿ ಫೈಲು ತೆರೆದುಕೊಂಡರೆ ಅಷ್ಟಕ್ಕೇ ಖುಷಿಪಟ್ಟು ಕೂರಬೇಡಿ, ಒಳಗಿರುವುದನ್ನು ಹೊರಗೆ ತನ್ನಿ. ಬರಹದೊಳಗೆ ಕರ್ಸರ್ ಇಟ್ಟು ಎಕ್ಸ್‌ಪೋರ್ಟ್ ಮಾಡಿ, ಆಸ್ಕಿಯಿಂದ (ಹಳೆಯ ನುಡಿ ಫಾಂಟಿನ ಸಂಕೇತ) ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ. ಲಗ್ನಪತ್ರಿಕೆಯಲ್ಲಿ ಒಂದೊಂದು ಸಾಲೂ ಬೇರೆ ಬೇರೆ ತುಂಡು ಅಲ್ವಾ, ಬೇಜಾರಿನ ಕೆಲಸ. ನಾನಾಗಿದ್ದರೆ ಅವನ್ನು ಬಿಟ್ಟು ಸ್ಮರಣ ಸಂಚಿಕೆಗಳಿಂದ ಶುರು ಮಾಡುತ್ತಿದ್ದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಕಣ್ಣಿಟ್ಟು ನೋಡಿ. ತಪ್ಪುವುದು ಹೆಚ್ಚಾಗಿ ಅಲ್ಲೇ.