ಕೇಳಿ, ಹೇಳುತ್ತೇವೆ: ಅಮೆರಿಕದ ಊರಾಡಳಿತವೂ ಹಳೆಯ ಕಡತಗಳೂ

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದಲೂ ಅಲ್ಲಿಗೆ ಹೋಗಿಬಂದ ಅವರ ತಂದೆತಾಯಿಯರಿಂದಲೂ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆಡಳಿತದ ಪ್ರಶ್ನೆಯಾಗಲಿ ಚರಿತ್ರೆಯ ಪ್ರಶ್ನೆಯಾಗಲಿ, ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಟೌನ್ ಕ್ಲರ್ಕ್ (ಊರಿನ ಕಡತಗಳನ್ನು ನೋಡಿಕೊಳ್ಳುವ ಅಧಿಕಾರಿ) ಅಥವಾ ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ಕಚೇರಿಯ ಅದೇ ಕೌಂಟರಿನ ಮುಂದೆ.

ಪ್ರಶ್ನೆ: ಮಗಳು ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಊರಿನಲ್ಲಿದ್ದಾಳೆ, ಈಗ ಅಲ್ಲಿನ ಪ್ರಜೆ. ವರ್ಷಕ್ಕೊಮ್ಮೆ ಊರಿನವರೆಲ್ಲ ಶಾಲೆಯ ಸಭಾಂಗಣದಲ್ಲಿ ಕೂತು ಬಜೆಟ್ ಪಾಸು ಮಾಡುತ್ತಾರಂತೆ. ಆಕೆ ತನ್ನದೇ ಒಂದು ವಿಷಯವನ್ನು ಅಲ್ಲಿ ಚರ್ಚೆಗೆ ತರಬಹುದೇ?

ಉತ್ತರ: ಧಾರಾಳವಾಗಿ ತರಬಹುದು, ಅದಕ್ಕೆ ಬೇಕಾದದ್ದು ಹತ್ತು ಸಹಿ. ಇದಕ್ಕೆ ಓಪನ್ ಟೌನ್ ಮೀಟಿಂಗ್ ಎಂದು ಹೆಸರು. ಆ ರಾತ್ರಿಯ ಮಟ್ಟಿಗೆ ಆ ಸಭಾಂಗಣವೇ ಊರಿನ ಶಾಸನಸಭೆ. ಬಜೆಟ್ಟು, ಉಪನಿಯಮ, ಹೊಸ ಅಗ್ನಿಶಾಮಕ ವಾಹನ, ಎಲ್ಲಕ್ಕೂ ಅಲ್ಲಿ ಹಾಜರಿದ್ದು ಕೈಯೆತ್ತಿದವರದೇ ತೀರ್ಮಾನ. ಸೆಲೆಕ್ಟ್ ಬೋರ್ಡ್ ಎಂಬ ಚುನಾಯಿತ ಮಂಡಳಿ ಸಭೆ ಕರೆಯುತ್ತದೆ, ಮಾಡರೇಟರ್ ನಡೆಸಿಕೊಡುತ್ತಾರೆ. ಸಭೆಯ ಕಾರ್ಯಸೂಚಿಗೆ ವಾರಂಟ್ ಎನ್ನುತ್ತಾರೆ, ಅದರ ಒಂದೊಂದು ವಿಷಯವೂ ಒಂದೊಂದು ಆರ್ಟಿಕಲ್. ವಾರಂಟ್‌ನಲ್ಲಿ ಇಲ್ಲದ ವಿಷಯದ ಮೇಲೆ ಸಭೆ ಮತ ಹಾಕುವಂತಿಲ್ಲ. ಹಾಗಾಗಿ ಸಭೆಯ ದಿನ ಎದ್ದು ನಿಂತು ಮಾಡುವ ಭಾಷಣಕ್ಕಿಂತ ವಾರಂಟ್‌ನಲ್ಲಿ ಜಾಗ ಹಿಡಿಯುವುದೇ ಮುಖ್ಯ.

ವಾರ್ಷಿಕ ಸಭೆಯ ವಾರಂಟ್‌ಗೆ 10 ನೋಂದಾಯಿತ ಮತದಾರರು ಲಿಖಿತವಾಗಿ ಕೇಳಿದರೆ ಸೆಲೆಕ್ಟ್ ಬೋರ್ಡ್ ಆ ವಿಷಯವನ್ನು ಸೇರಿಸಲೇಬೇಕು. ಇಷ್ಟವಿಲ್ಲವೆಂದು ತಳ್ಳಿಹಾಕುವ ಅಧಿಕಾರ ಅದಕ್ಕಿಲ್ಲ. ನಡುವೆ ಕರೆಯುವ ವಿಶೇಷ ಸಭೆಯ ವಾರಂಟ್‌ಗೆ 100 ಸಹಿ ಅಥವಾ ಮತದಾರರಲ್ಲಿ ಶೇ. 10, ಯಾವುದು ಕಡಿಮೆಯೋ ಅದು. ವಿಶೇಷ ಸಭೆಯನ್ನೇ ಕರೆಸಬೇಕೆಂದರೆ 200 ಸಹಿ ಅಥವಾ ಶೇ. 20, ಇಲ್ಲಿಯೂ ಕಡಿಮೆಯದೇ ಲೆಕ್ಕ. ಅರ್ಜಿ ತಲುಪಿದ 45 ದಿನಗಳೊಳಗೆ ಸಭೆ ನಡೆಯಬೇಕು.

ಎಡವುವ ಜಾಗಗಳು ಮೂರ್ನಾಲ್ಕಿವೆ. ಮೊದಲನೆಯದು ಸಹಿ. ಮತದಾರರ ಪಟ್ಟಿಯಲ್ಲಿರುವ ಹೆಸರು, ವಿಳಾಸದೊಂದಿಗೆ ಪ್ರತಿ ಸಹಿಯನ್ನೂ ತಾಳೆ ನೋಡುತ್ತಾರೆ. ಮನೆ ಬದಲಿಸಿದವರು, ಪ್ರಜೆಯಲ್ಲದ ಪಕ್ಕದ ಮನೆಯವರು ಸಹಿ ಹಾಕಿದ್ದರೆ ಅವು ಎಣಿಕೆಗೆ ಬರುವುದಿಲ್ಲ, ಆದ್ದರಿಂದ ಹತ್ತು ಬೇಕಿದ್ದಲ್ಲಿ ಇಪ್ಪತ್ತು ಹಾಕಿಸಿ. ಎರಡನೆಯದು ದಿನಾಂಕ. ವಾರ್ಷಿಕ ಸಭೆಯ ವಾರಂಟನ್ನು ಕನಿಷ್ಠ 7 ದಿನ ಮೊದಲು, ವಿಶೇಷ ಸಭೆಯದನ್ನು 14 ದಿನ ಮೊದಲು ಪ್ರಕಟಿಸಬೇಕೆಂಬುದು ರಾಜ್ಯದ ಕಾನೂನು. ಆದರೆ ವಾರಂಟ್ ‘ಮುಚ್ಚುವ’ ದಿನ ಊರೂರಿಗೂ ಬೇರೆ, ಸಭೆಗೆ ತಿಂಗಳುಗಳ ಮೊದಲೇ ಇರಬಹುದು. ಟೌನ್ ಕ್ಲರ್ಕ್ ಹತ್ತಿರ ಮೊದಲು ಕೇಳಬೇಕಾದದ್ದು ಇದನ್ನೇ.

ಮೂರನೆಯದು ಒಕ್ಕಣೆ, ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು ಇಲ್ಲಿ. ಸಭೆಯಲ್ಲಿ ಸೂಚಿಸಿದ ತಿದ್ದುಪಡಿಯು ಆರ್ಟಿಕಲ್‌ನ ವ್ಯಾಪ್ತಿ ಮೀರಿದರೆ ಮಾಡರೇಟರ್ ಅದನ್ನು ಒಪ್ಪುವುದಿಲ್ಲ. ಒಂದೇ ಬೀದಿಯ ಹೆಸರು ಹೇಳಿ ಕಾಲುದಾರಿ ಕೇಳಿದ್ದರೆ, ಸಭೆಯಲ್ಲಿ ಪಕ್ಕದ ಬೀದಿಯನ್ನು ಸೇರಿಸಲು ಆಗದು. ಅತ್ತ ತೀರಾ ಸಡಿಲವಾಗಿ ಬರೆದರೆ ಜನರಿಗೆ ಯಾವುದಕ್ಕೆ ಮತ ಹಾಕುತ್ತಿದ್ದೇವೆ ಎಂದೇ ತಿಳಿಯುವುದಿಲ್ಲ. ಹಣ ಬೇಕಾದ ವಿಷಯವಾದರೆ ಎಷ್ಟು, ಯಾವ ನಿಧಿಯಿಂದ ಎಂಬುದನ್ನು ಯೋಚಿಸಿಕೊಂಡು ಫೈನಾನ್ಸ್ ಕಮಿಟಿಯ ಎದುರು ಮೊದಲೇ ಹೋಗಿ. ವಾರಂಟ್ ಜೊತೆ ಅಚ್ಚಾಗುವ ಆ ಸಮಿತಿಯ ಶಿಫಾರಸನ್ನು ಓದಿಯೇ ಮತ ಹಾಕುವವರು ಬಹಳ. ಉಪನಿಯಮವಾದರೆ ಸಭೆ ಒಪ್ಪಿದರೂ ಮುಗಿಯಲಿಲ್ಲ, ರಾಜ್ಯದ ಅಟಾರ್ನಿ ಜನರಲ್ ಅನುಮೋದನೆ ಬೇಕು. ಅದಕ್ಕೆ 90 ದಿನಗಳ ಅವಕಾಶವಿದೆ.

ಇನ್ನೊಂದು ಮಾತು. ಈ ಪದ್ಧತಿ ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರಾಂತ್ಯದ್ದು. ವರ್ಮಾಂಟ್‌ನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರವೇ ಟೌನ್ ಮೀಟಿಂಗ್ ದಿನ, ಸಹಿಯ ಲೆಕ್ಕ ಮಾತ್ರ ಬೇರೆ: ಅಲ್ಲಿ ಮತದಾರರಲ್ಲಿ ಶೇ. 5. ಟೆಕ್ಸಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇದನ್ನು ಹುಡುಕಿಕೊಂಡು ಹೋದರೆ ಸಿಗದು.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿದ್ದೇನೆ. ಸಿಟಿ ಕೌನ್ಸಿಲ್ ಸಭೆಯಲ್ಲಿ ಮಾತಾಡಬಹುದೇ?

ಉತ್ತರ: ಮಾತಾಡಬಹುದು, ಮತ ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆ (1953) ಪ್ರಕಾರ ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲು ಪ್ರಕಟವಾಗಬೇಕು, ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡಬೇಕು, ಸಭೆಗೆ ಬರಲು ಹೆಸರು ಬರೆಯಲೇಬೇಕೆಂದು ಒತ್ತಾಯಿಸುವಂತಿಲ್ಲ. ಸಿಗುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ. ಕೌನ್ಸಿಲ್ ಸದಸ್ಯರು ಏನೂ ಉತ್ತರಿಸದೆ ಕೂತರೆ ಅವಮಾನವೆಂದು ತಿಳಿಯಬೇಡಿ: ಕಾರ್ಯಸೂಚಿಯಲ್ಲಿಲ್ಲದ ವಿಷಯವನ್ನು ಚರ್ಚಿಸಲು ಕಾನೂನೇ ಬಿಡುವುದಿಲ್ಲ, ಒಂದೆರಡು ಮಾತಿನ ಪ್ರತಿಕ್ರಿಯೆಗೆ ಮಾತ್ರ ಅವಕಾಶ.

ನೀವು ಕೇಳದಿದ್ದರೂ ಹೇಳಬೇಕಾದ ಎಚ್ಚರಿಕೆ: ಡ್ರೈವಿಂಗ್ ಲೈಸೆನ್ಸ್ ಅರ್ಜಿ ತುಂಬುವಾಗ ‘ಮತದಾರರಾಗಿ ನೋಂದಾಯಿಸಬೇಕೆ?’ ಎಂಬ ಪ್ರಶ್ನೆ ಬರುತ್ತದೆ. ಅವಸರದಲ್ಲಿ ಹೌದೆಂದು ಗುರುತು ಹಾಕಿ ಸಹಿ ಮಾಡಿದರೆ, ತಾನು ಪ್ರಜೆ ಎಂದು ಸುಳ್ಳು ಹೇಳಿದಂತಾಗಿ ಗ್ರೀನ್ ಕಾರ್ಡ್‌ಗೂ ಪೌರತ್ವಕ್ಕೂ ಕುತ್ತು ಬರುತ್ತದೆ, ಗಡೀಪಾರಿನವರೆಗೂ ಹೋಗಬಹುದು. ಮೇರಿಲ್ಯಾಂಡ್‌ನ ಟಕೋಮಾ ಪಾರ್ಕ್‌ನಂಥ ಕೆಲವೇ ಊರುಗಳು ಪ್ರಜೆಗಳಲ್ಲದ ನಿವಾಸಿಗಳಿಗೂ ಊರಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಕೊಟ್ಟಿವೆ. ಅಲ್ಲಿಯೂ ಅದಕ್ಕೆ ಬೇರೆಯದೇ ಪಟ್ಟಿ.

ಪ್ರಶ್ನೆ: ರಸ್ತೆ ಗುತ್ತಿಗೆಯ ಕಾಗದಗಳನ್ನು ಕೇಳಲು ಫೋಯಾ (ಮಾಹಿತಿ ಸ್ವಾತಂತ್ರ್ಯ ಕಾಯ್ದೆ) ಅರ್ಜಿ ಹಾಕಿದೆ, ತಿರಸ್ಕರಿಸಿದರು.

ಉತ್ತರ: 1966ರ ಆ ಕಾಯ್ದೆ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಮಾತ್ರ. ಊರಿನ ಕಡತಕ್ಕೆ ಆಯಾ ರಾಜ್ಯದ ಸಾರ್ವಜನಿಕ ದಾಖಲೆ ಕಾಯ್ದೆಯನ್ನು ಹೆಸರಿಸಬೇಕು. ಮ್ಯಾಸಚೂಸೆಟ್ಸ್‌ನಲ್ಲಿ 10 ಕೆಲಸದ ದಿನಗಳಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 10 ದಿನಗಳಲ್ಲಿ ಮೊದಲ ಉತ್ತರ ಬರಬೇಕು. ಪ್ರಶ್ನೆ ಕೇಳಬೇಡಿ, ಕಾಗದ ಕೇಳಿ. ‘ರಸ್ತೆ ಏಕೆ ಹೀಗಿದೆ’ ಎಂದರೆ ಅವರು ಉತ್ತರಿಸಬೇಕಿಲ್ಲ. ‘ಇಂಥ ಬೀದಿಯ ಡಾಂಬರು ಕೆಲಸಕ್ಕೆ ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಪಾವತಿಯಾದ ಬಿಲ್ಲುಗಳು’ ಎಂದರೆ ಹುಡುಕಿ ಕೊಡಲೇಬೇಕು.

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದಲ್ಲಿ ನಮ್ಮ ಮನೆ ವಿಲೇಜ್‌ನಲ್ಲೂ ಇದೆ, ಟೌನ್‌ನಲ್ಲೂ ಇದೆ ಎನ್ನುತ್ತಾರೆ. ಎರಡಕ್ಕೂ ತೆರಿಗೆ ಏಕೆ?

ಉತ್ತರ: ಎರಡರಲ್ಲೂ ಇರುವುದೇ ಕಾರಣ. ಆ ರಾಜ್ಯದಲ್ಲಿ ಸಿಟಿಗಳು ಮತ್ತು ಮೂಲನಿವಾಸಿಗಳ ಮೀಸಲು ಪ್ರದೇಶ ಬಿಟ್ಟರೆ ಎಲ್ಲ ನೆಲವೂ ಯಾವುದೋ ಟೌನ್‌ಗೆ ಸೇರಿದೆ. ಆ ಟೌನ್‌ನೊಳಗೇ ಜನ ಸೇರಿ ಕಟ್ಟಿಕೊಂಡದ್ದು ವಿಲೇಜ್. ಹೆಸರಿಗೂ ಗಾತ್ರಕ್ಕೂ ಸಂಬಂಧವಿಲ್ಲ. ಲಾಂಗ್ ಐಲೆಂಡ್‌ನ ಹೆಂಪ್‌ಸ್ಟೆಡ್‌ನಲ್ಲಿ 7 ಲಕ್ಷಕ್ಕೂ ಹೆಚ್ಚು ಜನ, ಅದು ಇಂದಿಗೂ ಟೌನ್. ಶೆರಿಲ್‌ನಲ್ಲಿ ಸುಮಾರು 3 ಸಾವಿರ ಜನ, ಅದು ಸಿಟಿ!

ಅಮೆರಿಕದ ಸಂವಿಧಾನದಲ್ಲಿ ಸ್ಥಳೀಯ ಆಡಳಿತದ ಮಾತೇ ಇಲ್ಲ, ಅದನ್ನು ರಾಜ್ಯಗಳು ತಮಗೆ ಬೇಕಾದಂತೆ ರೂಪಿಸಿವೆ. ಕನೆಕ್ಟಿಕಟ್ 1960ರಲ್ಲಿ ಕೌಂಟಿ ಆಡಳಿತವನ್ನೇ ರದ್ದು ಮಾಡಿತು. ಲೂಸಿಯಾನಾದಲ್ಲಿ ಕೌಂಟಿಗೆ ಪ್ಯಾರಿಷ್ ಎಂದು ಹೆಸರು. ತೆರಿಗೆ ಬಿಲ್ಲನ್ನು ಸಾಲುಸಾಲಾಗಿ ಓದಿ. ಶಾಲಾ ಜಿಲ್ಲೆ, ಅಗ್ನಿಶಾಮಕ ಜಿಲ್ಲೆ, ಗ್ರಂಥಾಲಯ ಜಿಲ್ಲೆ ಎಂದು ಒಂದೊಂದು ಸಾಲು ಒಂದೊಂದು ಸರ್ಕಾರ, ಅದಕ್ಕೆ ಅದರದೇ ಮಂಡಳಿ. ದೊಡ್ಡ ಮೊತ್ತ ಸಾಮಾನ್ಯವಾಗಿ ಶಾಲೆಯದು. ನ್ಯೂಯಾರ್ಕ್‌ನ ಹೆಚ್ಚಿನ ಶಾಲಾ ಜಿಲ್ಲೆಗಳ ಬಜೆಟ್ಟಿಗೆ ಮೇ ತಿಂಗಳ ಮೂರನೇ ಮಂಗಳವಾರ ಮತದಾನ. ನವೆಂಬರಿನಲ್ಲಿ ಮಾತ್ರ ಮತಗಟ್ಟೆಗೆ ಹೋಗುವವರು ತೆರಿಗೆ ಹೆಚ್ಚಾಯಿತೆಂದು ಗೊಣಗುವುದರಲ್ಲಿ ಹೆಚ್ಚು ಅರ್ಥವಿಲ್ಲ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡೆವು. ಪಕ್ಕದ ಅಂಥದೇ ಮನೆಯ ತೆರಿಗೆ ನಮ್ಮದರ ಮೂರನೇ ಒಂದು ಭಾಗ. ತಪ್ಪಾಗಿದೆಯೇ?

ಉತ್ತರ: ತಪ್ಪಲ್ಲ, ಇದಕ್ಕೆ ಕಾರಣ ಮತದಾರರೇ ಒಪ್ಪಿದ 1978ರ ತೆರಿಗೆ ನಿಯಮ, ಪ್ರೊಪೊಸಿಷನ್ 13. ಮೂಲ ತೆರಿಗೆ ಮೌಲ್ಯದ ಶೇ. 1, ಮೌಲ್ಯವೆಂದರೆ ಕೊಂಡ ಬೆಲೆ, ವರ್ಷಕ್ಕೆ ಗರಿಷ್ಠ ಶೇ. 2ರಷ್ಟು ಏರಬಹುದು. 1985ರಲ್ಲಿ 1,50,000 ಡಾಲರಿಗೆ ಕೊಂಡವರ ಮೌಲ್ಯ 2024ಕ್ಕೆ ಹೆಚ್ಚೆಂದರೆ ಸುಮಾರು 3,25,000 ಡಾಲರ್, ತೆರಿಗೆ 3,250. ನೀವು 10 ಲಕ್ಷ ಡಾಲರಿಗೆ ಕೊಂಡಿದ್ದರೆ 10,000. ಇದರ ಮೇಲೆ ಸ್ಥಳೀಯ ಬಾಂಡ್‌ಗಳ ಸಾಲುಗಳು ಬೇರೆ. ಮೊದಲ ವರ್ಷ ‘ಸಪ್ಲಿಮೆಂಟಲ್’ (ಹೆಚ್ಚುವರಿ) ಬಿಲ್ಲು ಪ್ರತ್ಯೇಕವಾಗಿ ಬರುತ್ತದೆ. ಅದು ಸಾಲ ಕೊಟ್ಟ ಬ್ಯಾಂಕಿಗೆ ಹೋಗದೆ ನಿಮ್ಮ ಅಂಚೆಪೆಟ್ಟಿಗೆಗೆ ಬರುವುದರಿಂದ, ಬ್ಯಾಂಕೇ ಕಟ್ಟುತ್ತದೆಂದು ಬಿಟ್ಟು ದಂಡ ತೆತ್ತವರಿದ್ದಾರೆ. ಜನವರಿ 1ರಂದು ಮಾರುಕಟ್ಟೆ ಬೆಲೆ ನಿಮ್ಮ ಮೌಲ್ಯಕ್ಕಿಂತ ಕೆಳಗಿದ್ದರೆ ಇಳಿಸಲು ಅರ್ಜಿ ಹಾಕಿ. ಮೇಲ್ಮನವಿಯ ಅವಧಿ ಜುಲೈ 2ರಿಂದ, ಕೌಂಟಿಗೆ ತಕ್ಕಂತೆ ಸೆಪ್ಟೆಂಬರ್ 15 ಅಥವಾ ನವೆಂಬರ್ 30ರವರೆಗೆ.

ಪ್ರಶ್ನೆ: ನಮ್ಮ ಹಳೆಯ ಮನೆಯಲ್ಲಿ ಹಿಂದೆ ಯಾರು ಇದ್ದರು, ಯಾವಾಗ ಕಟ್ಟಿದ್ದು ಎಂದು ತಿಳಿಯುವುದು ಹೇಗೆ?

ಉತ್ತರ: ಋಣಭಾರ ಪತ್ರ ತೆಗೆಸಿ ಅನುಭವವಿದ್ದವರಿಗೆ ಈ ಕೆಲಸ ಹೊಸದೆನಿಸದು. ತೆರಿಗೆಗಾಗಿ ಆಸ್ತಿಯ ಮೌಲ್ಯ ಕಟ್ಟುವ ಅಸೆಸರ್ ಕಚೇರಿಯಲ್ಲಿ ಜಾಗದ ಪಾರ್ಸೆಲ್ ಸಂಖ್ಯೆ ತೆಗೆದುಕೊಂಡು, ಕ್ರಯಪತ್ರಗಳನ್ನು ನೋಂದಾಯಿಸುವ ಕಚೇರಿಯಲ್ಲಿ ಈಗಿನ ಪತ್ರದ ಪುಸ್ತಕ, ಪುಟ ಸಂಖ್ಯೆ ಹಿಡಿಯಿರಿ. ಆ ಪತ್ರದಲ್ಲೇ ಎಷ್ಟೋ ಸಲ ಹಿಂದಿನ ಪತ್ರದ ಪುಸ್ತಕ, ಪುಟ ಬರೆದಿರುತ್ತಾರೆ. ಇಲ್ಲದಿದ್ದರೆ ಬರೆಸಿಕೊಂಡವರ ಸೂಚಿಯಲ್ಲಿ ಮಾಲೀಕರ ಹೆಸರು ಹುಡುಕಿ: ಅವರು ಕೊಂಡ ಪತ್ರ ಸಿಗುತ್ತದೆ, ಅದರಲ್ಲಿ ಬರೆದುಕೊಟ್ಟವರ ಹೆಸರು, ಮತ್ತೆ ಆ ಹೆಸರನ್ನು ಹಿಡಿದು ಇನ್ನೊಂದು ಮೆಟ್ಟಿಲು ಹಿಂದಕ್ಕೆ.

ಸರಪಳಿ ತುಂಡಾಗುವುದು ಹೆಚ್ಚಾಗಿ ಪಿತ್ರಾರ್ಜಿತವಾಗಿ ಬಂದಲ್ಲಿ, ಏಕೆಂದರೆ ಅಲ್ಲಿ ಕ್ರಯಪತ್ರವೇ ಇರುವುದಿಲ್ಲ. ಆಗ ಪ್ರೊಬೇಟ್ ಕೋರ್ಟಿನ ಉಯಿಲುಗಳನ್ನು ನೋಡಬೇಕು. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳು ಸೂಚಿಯಲ್ಲಿ ಕಳೆದುಹೋಗುತ್ತಾರೆ. ಕೌಂಟಿ ಒಡೆದು ಎರಡಾಗಿದ್ದರೆ ಹಳೆಯ ಪುಸ್ತಕಗಳು ಮೂಲ ಕೌಂಟಿಯಲ್ಲಿರುತ್ತವೆ. ಬೀದಿಯ ಮನೆ ಸಂಖ್ಯೆಗಳೂ ಬದಲಾಗುತ್ತವೆ. ಷಿಕಾಗೊ 1909ರಲ್ಲಿ ಊರಿನ ಹೆಚ್ಚಿನ ಸಂಖ್ಯೆಗಳನ್ನೇ ಹೊಸದಾಗಿ ಬರೆಯಿತು. ಪತ್ರದಲ್ಲಿ ‘ಒಂದು ಡಾಲರ್ ಮತ್ತು ಇತರ ಪ್ರತಿಫಲ’ ಎಂದಿದ್ದರೆ ಮನೆ ಒಂದು ಡಾಲರಿಗೆ ಮಾರಾಟವಾಯಿತೆಂದು ನಗಬೇಡಿ, ನಿಜ ಬೆಲೆಯನ್ನು ಮುಚ್ಚಿಡುವ ಒಕ್ಕಣೆ ಅದು.

ಕ್ರಯಪತ್ರ ನೆಲದ ಕತೆ ಹೇಳುತ್ತದೆಯೇ ಹೊರತು ಮನೆಯದನ್ನಲ್ಲ. ಅಸೆಸರ್ ಕಾರ್ಡಿನಲ್ಲಿ ‘ಕಟ್ಟಿದ್ದು 1900’ ಎಂದಿದ್ದರೆ ಅದು ಅಂದಾಜು ಎಂದೇ ಅನುಮಾನಿಸಿ. ಕಟ್ಟಡಕ್ಕೆ ಒಳ್ಳೆಯ ಸಾಕ್ಷಿ ಸ್ಯಾನ್‌ಬಾರ್ನ್ ಕಂಪನಿಯ ಅಗ್ನಿವಿಮೆ ನಕಾಶೆಗಳು. 1867ರಿಂದ ಸುಮಾರು 12,000 ಊರುಗಳ ನಕಾಶೆ ತೆಗೆದರು, ಅಳತೆ ಇಂಚಿಗೆ 50 ಅಡಿ. ಹಳದಿ ಎಂದರೆ ಮರದ ಕಟ್ಟಡ, ಗುಲಾಬಿ ಎಂದರೆ ಇಟ್ಟಿಗೆ, ನೀಲಿ ಎಂದರೆ ಕಲ್ಲು. ವಾಸದ ಮನೆಗೆ ಡಿ, ಅಂಗಡಿಗೆ ಎಸ್ ಅಕ್ಷರ. ಒಂದು ವರ್ಷದ ಹಾಳೆಯಲ್ಲಿ ಖಾಲಿಯಿದ್ದ ಜಾಗದಲ್ಲಿ ಮುಂದಿನ ಹಾಳೆಯಲ್ಲಿ ಮನೆ ಕಂಡರೆ ಕಟ್ಟಿದ ಕಾಲ ಆ ಎರಡರ ನಡುವೆ. ಲೈಬ್ರರಿ ಆಫ್ ಕಾಂಗ್ರೆಸ್ ಇವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ.

ಇದ್ದವರ ಹೆಸರಿಗೆ ಜನಗಣತಿ ನೋಡಿ. 72 ವರ್ಷಗಳವರೆಗೆ ಹಾಳೆಗಳು ಗೌಪ್ಯ, 1950ರದು 2022ರ ಏಪ್ರಿಲ್ 1ರಂದು ಹೊರಬಂತು. 1890ರದನ್ನು ಹುಡುಕಿ ಸಮಯ ಕಳೆಯಬೇಡಿ: 1921ರ ಬೆಂಕಿಯಲ್ಲಿ ಕೆಟ್ಟು, ಬಹುಪಾಲು ನಾಶವಾಗಿದೆ. ಆ ಇಪ್ಪತ್ತು ವರ್ಷಗಳ ಕಂದಕಕ್ಕೆ ಊರಿನ ಡೈರೆಕ್ಟರಿಗಳೇ ಸೇತುವೆ.

ಹಳೆಯ ಪತ್ರದಲ್ಲಿ ‘ಬಿಳಿಯರಲ್ಲದವರಿಗೆ ಮಾರತಕ್ಕದ್ದಲ್ಲ’ ಎಂಬ ಷರತ್ತು ಕಂಡರೆ ಗಾಬರಿಯಾಗಬೇಡಿ, ಇಂಥವು ಸಾವಿರಾರು ಇವೆ. 1948ರಲ್ಲಿ ಸುಪ್ರೀಂ ಕೋರ್ಟು ಷೆಲ್ಲಿ ಮೊಕದ್ದಮೆಯಲ್ಲಿ ನ್ಯಾಯಾಲಯಗಳು ಇವನ್ನು ಜಾರಿ ಮಾಡುವಂತಿಲ್ಲ ಎಂದಿತು, 1968ರ ವಸತಿ ಕಾಯ್ದೆ ನಿಷೇಧಿಸಿತು. ಕಾಗದದ ಮೇಲೆ ಉಳಿದಿದ್ದರೂ ಬೆಲೆಯಿಲ್ಲ.

ಪ್ರಶ್ನೆ: ಜಮೀನಿನ ಪತ್ರದಲ್ಲಿ ‘ಸೆಕ್ಷನ್ 14ರ ನೈಋತ್ಯ ಕಾಲುಭಾಗದ ಈಶಾನ್ಯ ಕಾಲುಭಾಗ’ ಎಂದಿದೆ. ಎಷ್ಟು ಎಕರೆ?

ಉತ್ತರ: 40 ಎಕರೆ. 1785ರ ಭೂ ಶಾಸನದ ಪ್ರಕಾರ ಪಶ್ಚಿಮದ ನೆಲವನ್ನು ಆರು ಮೈಲಿ ಚೌಕದ ಟೌನ್‌ಷಿಪ್‌ಗಳಾಗಿ, ಪ್ರತಿಯೊಂದನ್ನೂ 36 ಸೆಕ್ಷನ್‌ಗಳಾಗಿ ಕತ್ತರಿಸಿದರು. ಒಂದು ಸೆಕ್ಷನ್ 640 ಎಕರೆ, ಅದರ ಕಾಲು 160, ಅದರ ಕಾಲು 40. ದೊಡ್ಡ ತುಂಡಿನಿಂದ ಸಣ್ಣ ತುಂಡಿಗೆ ಇಳಿಯಬೇಕು: ಮೊದಲು ನೈಋತ್ಯಕ್ಕೆ ಹೋಗಿ, ಅದರೊಳಗೆ ಈಶಾನ್ಯ ಮೂಲೆ. ಇಂಗ್ಲಿಷ್ ಪತ್ರದಲ್ಲಿ ಸಣ್ಣದು ಮೊದಲು ಬರುವುದರಿಂದ ಹಿಂದಿನಿಂದ ಓದಿಕೊಂಡು ಬನ್ನಿ. 16ನೇ ಸೆಕ್ಷನ್ ಊರ ಶಾಲೆಗೆಂದು ಮೀಸಲು. ಪೂರ್ವದ ಹಳೆಯ ರಾಜ್ಯಗಳಲ್ಲಿ ಈ ಚೌಕವಿಲ್ಲ, ಚಕ್ಕುಬಂದಿ ಮಾತ್ರ: ಓಕ್ ಮರದಿಂದ ಕಲ್ಲುಗುಡ್ಡೆಗೆ ಇಷ್ಟು ರಾಡ್. ಒಂದು ರಾಡ್ ಹದಿನಾರೂವರೆ ಅಡಿ, ಒಂದು ಚೈನ್ 66 ಅಡಿ.

ಪ್ರಶ್ನೆ: ನಮ್ಮ ಊರಿನ ಕಪ್ಪು ಜನರ ಕುಟುಂಬಗಳ ಚರಿತ್ರೆಯನ್ನು ಮಕ್ಕಳ ಶಾಲಾ ಯೋಜನೆಗೆ ಹುಡುಕುತ್ತಿದ್ದೇವೆ. 1870ಕ್ಕಿಂತ ಹಿಂದೆ ಹೆಸರೇ ಸಿಗುತ್ತಿಲ್ಲ.

ಉತ್ತರ: ದಕ್ಷಿಣದಲ್ಲಿ ಎಲ್ಲರೂ ಮುಗ್ಗರಿಸುವ ಗೋಡೆ ಇದು. 1850, 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟೇ. ಸ್ವತಂತ್ರರಾಗಿದ್ದ ಕಪ್ಪು ಜನರ ಹೆಸರು ಮಾತ್ರ ಸಾಮಾನ್ಯ ಪಟ್ಟಿಯಲ್ಲಿದೆ. ಗೋಡೆ ದಾಟಲು, ಬಿಡುಗಡೆಯಾದ ಗುಲಾಮರ ನೆರವಿಗಿದ್ದ ಸರ್ಕಾರಿ ಸಂಸ್ಥೆ ಫ್ರೀಡ್‌ಮನ್ಸ್ ಬ್ಯೂರೊ (1865–1872) ಕಡತಗಳನ್ನೂ, 1874ರಲ್ಲಿ ಮುಳುಗಿದ ಫ್ರೀಡ್‌ಮನ್ಸ್ ಬ್ಯಾಂಕಿನ ಠೇವಣಿದಾರರ ಪುಸ್ತಕಗಳನ್ನೂ ನೋಡಿ; ಬ್ಯಾಂಕಿನವರು ಗುರುತಿಗಾಗಿ ತಂದೆತಾಯಿ, ಒಡಹುಟ್ಟಿದವರ ಹೆಸರುಗಳನ್ನೂ ಬರೆದುಕೊಳ್ಳುತ್ತಿದ್ದರು. ಆಮೇಲೆ ಒಡೆಯನ ಕುಟುಂಬದ ಉಯಿಲು, ಆಸ್ತಿಪಟ್ಟಿಗಳು. ಎತ್ತು, ಗಾಡಿಗಳ ಸಾಲಿನಲ್ಲೇ ಮನುಷ್ಯರ ಹೆಸರೂ ಅದರ ಮುಂದೆ ಬೆಲೆಯೂ ಇರುತ್ತದೆ. ಮಕ್ಕಳಿಗೆ ಅದನ್ನು ತೋರಿಸುವ ಮೊದಲು ದೊಡ್ಡವರು ಒಮ್ಮೆ ಓದಿಕೊಂಡಿರುವುದು ಒಳ್ಳೆಯದು. ಒಡೆಯನ ಉಪನಾಮವನ್ನೇ ಎಲ್ಲರೂ ಇಟ್ಟುಕೊಂಡರೆಂದು ಮಾತ್ರ ನಂಬಬೇಡಿ; ಬೇರೆ ಹೆಸರು ಆರಿಸಿಕೊಂಡವರೂ ಬಹಳ. ಹಾಗಾಗಿ 1870ರ ಹಾಳೆಯಲ್ಲಿ ಅಕ್ಕಪಕ್ಕದ ಮನೆಗಳವರನ್ನೂ (ಹಳೆಯ ಒಡೆಯನ ಕುಟುಂಬ ಅವರಲ್ಲೇ ಇರಬಹುದು) ಬರೆದಿಟ್ಟುಕೊಂಡು ಆ ಹೆಸರುಗಳನ್ನೆಲ್ಲ ಉಯಿಲುಗಳಲ್ಲಿ ಹುಡುಕಿ.